ಕೆಲಸವಿಲ್ಲದವರನ್ನು ಎಣಿಸಿದ ಕರ್ನಲ್ ರೈಟ್

ಯುದ್ಧ ಗೆದ್ದವರ, ಅಣೆಕಟ್ಟು ಕಟ್ಟಿಸಿದವರ, ಕಾವ್ಯ ಬರೆದವರ ಜೀವನಚರಿತ್ರೆಗಳು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ವರ್ಷವರ್ಷವೂ ಬರುತ್ತಿರುತ್ತವೆ. ಅವನ್ನೆಲ್ಲ ನಾನೂ ಆದರದಿಂದ ಓದಿದವನೇ. ಆದರೆ ಈ ಸಲ ನಾನು ಹೇಳಹೊರಟಿರುವುದು ಬರಿಯ ಲೆಕ್ಕ ಹಾಕಿದವನೊಬ್ಬನ ಕಥೆ. ಆತನ ಹೆಸರು ಕ್ಯಾರಲ್ ಡೇವಿಡ್‌ಸನ್ ರೈಟ್. ತನ್ನ ಕಾಲದ ಅಮೆರಿಕದಲ್ಲಿ ಆತ ಬಹು ಪ್ರಸಿದ್ಧನಾಗಿದ್ದನು. ನಮ್ಮ ಕಡೆ ಆತನ ಹೆಸರು ಅರ್ಥಶಾಸ್ತ್ರದ ತರಗತಿಯನ್ನು ಬಿಟ್ಟರೆ ಬೇರೆಲ್ಲೂ ಕೇಳಿಬರುವುದಿಲ್ಲ. ತರಗತಿಯಲ್ಲಿಯೂ ಅರ್ಧ ನಿಮಿಷದಲ್ಲಿ ಬಂದು ಹೋಗುತ್ತದೆ. ನನ್ನ ಮಟ್ಟಿಗೆ ಆ ಅರ್ಧ ನಿಮಿಷ ಅಲ್ಲಿಗೇ ಮುಗಿಯದೆ ಹೋದದ್ದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಊರು ಚಳ್ಳಕೆರೆಯ ಸೀಮೆಯದು. ಮಳೆ ನಂಬಿದ ಕಡಲೆಕಾಯಿಯ ಹೊಲ, ನಾಲ್ಕು ಆಡು, ಇಷ್ಟೇ ನಮ್ಮ ಆಸ್ತಿ. ಕಳೆದ ಬೇಸಗೆಯಲ್ಲಿ ಸಮೀಕ್ಷೆಯವರೊಬ್ಬರು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಚಾಪೆ ಹಾಸಿ ಕೂಡಿಸಿ ಮಜ್ಜಿಗೆ ಕೊಟ್ಟೆವು. ಮನೆಯಲ್ಲಿ ಯಾರು ಯಾರು ಏನೇನು ಕೆಲಸ ಮಾಡುತ್ತೀರಿ ಎಂದು ಅವರು ಒಬ್ಬೊಬ್ಬರನ್ನಾಗಿ ಕೇಳಿದರು. ಅಪ್ಪ, ತಾನು ಬೇಸಾಯಗಾರನೆಂದು ಸ್ವಲ್ಪ ಬಿಗಿಯಾಗಿಯೇ ಹೇಳಿದರು. ಆಗ ಏಪ್ರಿಲ್ ತಿಂಗಳು. ಹೊಲದಲ್ಲಿ ಕಾಗೆ ಕೂರುವುದಕ್ಕೂ ಹಸುರು ಇರಲಿಲ್ಲ. ಅಮ್ಮ ಬಾಯಿ ತೆರೆಯುವ ಮೊದಲೇ, ಅವಳು ಮನೆಯಲ್ಲೇ ಇರುತ್ತಾಳೆ ಎಂದು ಅಪ್ಪನೇ ಹೇಳಿಬಿಟ್ಟರು. ಆಡು ಮೇಯಿಸುವುದು, ಕಾಯಿ ಸುಲಿಯುವ ಕೂಲಿಗೆ ಹೋಗುವುದು, ಇವೊಂದೂ ಕೆಲಸವೆಂದು ಯಾರಿಗೂ ಹೊಳೆಯಲಿಲ್ಲ, ಅಮ್ಮನಿಗೂ ಹೊಳೆಯಲಿಲ್ಲ. ನನ್ನ ಅಣ್ಣ ಐ.ಟಿ.ಐ.ಯಲ್ಲಿ ಫಿಟ್ಟರ್ ಪಾಸು ಮಾಡಿ, ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಅವಧಿ ಮುಗಿದೊಡನೆ ಹಿಂದಿರುಗಿದವನು. ಅವನು ತಲೆ ತಗ್ಗಿಸಿಕೊಂಡು, ಪರೀಕ್ಷೆಗೆ ಓದುತ್ತಿದ್ದೇನೆ ಎಂದನು. ನಾನು ವಿದ್ಯಾರ್ಥಿ. ಆ ವಾರ ನಮ್ಮ ಮನೆಗೆ ಹೊರಗಿನಿಂದ ಒಂದು ರೂಪಾಯಿ ಕೂಲಿ ಬಂದಿರಲಿಲ್ಲ. ಆದರೂ ನಮ್ಮ ಬಾಯಿಂದಲೇ ನಮ್ಮ ಮನೆಯ ನಿರುದ್ಯೋಗಿಗಳ ಸಂಖ್ಯೆ ಸೊನ್ನೆ ಎಂದಾಯಿತು. ಬಂದವರು ಏನೆಂದು ಬರೆದುಕೊಂಡರೋ ನಾನು ನೋಡಲಿಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಬಿಸಿಲಲ್ಲಿ ಬಂದಿದ್ದರು, ತಾಳ್ಮೆಯಿಂದ ಕೇಳಿದರು. ತಪ್ಪು ಉತ್ತರ ಹೇಳಿದವರು ನಾವು. ಆದರೆ ಏಕೆ ಹೇಳಿದೆವು? ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಕರ್ನಲ್ ರೈಟನ ಹೆಸರು ಮೇಷ್ಟರ ಬಾಯಿಂದ ಬಂತು. ಬಿದ್ದದ್ದೇ ನಾನು ಲೈಬ್ರರಿಯ ಕಡೆ ಓಡಿದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಷೈರ್ ಎಂಬುದೊಂದು ಗುಡ್ಡಗಾಡಿನ ಸಂಸ್ಥಾನ. ಅಲ್ಲಿಯ ಡನ್‌ಬಾರ್ಟನ್ ಎಂಬ ಸಣ್ಣ ಊರಿನಲ್ಲಿ 1840ನೆಯ ಇಸವಿ ಜುಲೈ 25ರಂದು ರೈಟನು ಹುಟ್ಟಿದನು. ತಂದೆ ಕ್ರೈಸ್ತರ ಒಂದು ಪಂಗಡದ ಪಾದ್ರಿ. ಊರಿಂದೂರಿಗೆ ವರ್ಗವಾಗುವ ಪಾದ್ರಿಯ ಮಗನಾದ್ದರಿಂದ ಓದು ಹಲವು ಶಾಲೆಗಳಲ್ಲಿ ಚೂರುಚೂರಾಗಿ ನಡೆಯಿತು. ಕಾಲೇಜಿನ ಪದವಿ ಆತನಿಗೆ ಒದಗಲಿಲ್ಲ. ಮುಂದೆ ವಿಶ್ವವಿದ್ಯಾಲಯಗಳು ತಾವಾಗಿ ಗೌರವ ಪದವಿಗಳನ್ನು ಕೊಟ್ಟವು, ಅದು ಬೇರೆ ಮಾತು. ಇಡೀ ದೇಶಕ್ಕೆ ಲೆಕ್ಕ ಕಲಿಸಿದವನು ಸಂಖ್ಯಾಶಾಸ್ತ್ರವನ್ನು ಯಾವ ಗುರುವಿನ ಬಳಿಯೂ ಕಲಿತವನಲ್ಲ ಎಂಬುದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ಮನೆತನದಲ್ಲಿ ಡಿಗ್ರಿಯ ಬಾಗಿಲಿಗೆ ಬಂದು ನಿಂತ ಮೊದಲಿಗ ನಾನೇ ಆದ್ದರಿಂದ ಸ್ವಲ್ಪ ಅಸೂಯೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ರೈಟನು ವಕೀಲರೊಬ್ಬರ ಕೈಕೆಳಗೆ ಕಾನೂನು ಕಲಿಯುತ್ತಿದ್ದಾಗ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. 1862ರಲ್ಲಿ ಪುಸ್ತಕ ಮಡಚಿಟ್ಟು ನ್ಯೂ ಹ್ಯಾಂಪ್‌ಷೈರಿನ 14ನೆಯ ಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದನು. ಎರಡೇ ವರ್ಷಗಳಲ್ಲಿ, 1864ರ ಡಿಸೆಂಬರಿನಲ್ಲಿ, ಅದೇ ಪಡೆಯ ಕರ್ನಲ್ ಆದನು. ಆಗ ವಯಸ್ಸು 24. ಆದರೆ ದೇಹ ಸೋತಿತು. ಮರುವರ್ಷ ಅನಾರೋಗ್ಯದಿಂದ ರಾಜೀನಾಮೆ ಕೊಟ್ಟು ಬಂದನು. ಸೈನ್ಯ ಬಿಟ್ಟರೂ ಕರ್ನಲ್ ಎಂಬ ಬಿರುದು ಆತನನ್ನು ಬಿಡಲಿಲ್ಲ. ಕೊನೆಯವರೆಗೂ ಜನ ಆತನನ್ನು ಕರ್ನಲ್ ರೈಟ್ ಎಂದೇ ಕರೆದರು. ಯುದ್ಧದ ತರುವಾಯ ನೆರೆಯ ಮೆಸಚೂಸೆಟ್ಸ್ ಸಂಸ್ಥಾನಕ್ಕೆ ಬಂದು ವಕೀಲಿ ನಡೆಸಿದನು, ಹೊಸ ಯಂತ್ರಗಳ ಪೇಟೆಂಟು ವ್ಯವಹಾರಗಳಲ್ಲಿ ಒಳ್ಳೆಯ ಹೆಸರು ಮಾಡಿದನು. ಅಲ್ಲಿಯ ಶಾಸನಸಭೆಗೂ ಆರಿಸಿ ಹೋದನು. ಬೆಳಗ್ಗೆ ಬಾಸ್ಟನ್ ನಗರಕ್ಕೆ ಕೆಲಸಕ್ಕೆ ಹೋಗಿ ಸಂಜೆ ಹಿಂದಿರುಗುವ ಕೂಲಿಕಾರರಿಗೆ ಅಗ್ಗದ ದರದ ರೈಲು ಬೇಕೆಂದು ಅಲ್ಲಿ ಹೋರಾಡಿದನು. ಇಷ್ಟರಲ್ಲಿ ಆತನ ಜೀವನ ಒಂದು ತಿರುವಿಗೆ ಬಂದಿತ್ತು.

ಆ ಕಾಲದ ಮೆಸಚೂಸೆಟ್ಸ್ ಹೇಗಿತ್ತೆಂಬುದನ್ನು ಸ್ವಲ್ಪ ಹೇಳಬೇಕು. ಲೋವೆಲ್, ಫಾಲ್ ರಿವರ್ ಊರುಗಳಲ್ಲಿ ಹತ್ತಿಯ ಗಿರಣಿಗಳು. ಲಿನ್, ಬ್ರಾಕ್ಟನ್, ಹೇವರ್‌ಹಿಲ್ ಊರುಗಳಲ್ಲಿ ಬೂಟು ಜೋಡುಗಳ ಕಾರ್ಖಾನೆಗಳು. ಗ್ಲಾಸ್ಟರಿನಲ್ಲಿ ಮೀನುಗಾರಿಕೆ. ರೈತಾಪಿ ಜನ ಹೊಲ ಬಿಟ್ಟು ಪಟ್ಟಣ ಸೇರುತ್ತಿದ್ದರು, ಐರ್ಲೆಂಡಿನಿಂದಲೂ ಕೆನಡಾದಿಂದಲೂ ಜನ ಬಂದು ತುಂಬುತ್ತಿದ್ದರು. ಹೊಲವಿದ್ದವನಿಗೆ ಕೆಲಸ ಕಡಿಮೆಯಾಗಬಹುದು, ಪೂರ್ತಿ ಇಲ್ಲದೆ ಹೋಗುವುದು ಅಪರೂಪ. ಕೂಲಿಯೊಂದನ್ನೇ ನಂಬಿದವನಿಗೆ ಗಿರಣಿಯ ಬಾಗಿಲು ಮುಚ್ಚಿದರೆ ಅಂದಿನಿಂದಲೇ ಒಲೆ ಉರಿಯುವುದಿಲ್ಲ. ಇಂಥ ಜನರ ಸ್ಥಿತಿಗತಿಗಳನ್ನು ತಿಳಿಯಲೆಂದು 1869ರಲ್ಲಿ ಮೆಸಚೂಸೆಟ್ಸ್ ಸರ್ಕಾರ ಕಾರ್ಮಿಕರ ಅಂಕಿ-ಅಂಶಗಳ ಕಚೇರಿಯೊಂದನ್ನು ತೆರೆಯಿತು. ಆ ಬಗೆಯ ಕಚೇರಿ ಅಮೆರಿಕದಲ್ಲಿ ಅದೇ ಮೊದಲು. ಮೊದಲು ಅದನ್ನು ನಡೆಸಿದವರು ಕಾರ್ಮಿಕರ ಪಕ್ಷಪಾತಿಗಳೆಂದು ಮಾಲೀಕರು ಗದ್ದಲವೆಬ್ಬಿಸಿದರು. ಕಚೇರಿಯನ್ನೇ ಮುಚ್ಚಬೇಕೆಂಬ ಮಾತೂ ಹುಟ್ಟಿತು. ಆಗ ಗವರ್ನರನು ಅದರ ಚುಕ್ಕಾಣಿಯನ್ನು ಕರ್ನಲ್ ರೈಟನ ಕೈಗೆ ಕೊಟ್ಟನು. ಅದು 1873ನೆಯ ಇಸವಿ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೇ ಕುಕ್ ಎಂಬ ಸಾಹುಕಾರನ ದೊಡ್ಡ ಬ್ಯಾಂಕು ಮುಳುಗಿತು. ಅದರ ಹಿಂದೆ ರೈಲ್ವೆ ಕಂಪನಿಗಳು, ಅವುಗಳ ಹಿಂದೆ ಕಬ್ಬಿಣದ ಕಾರ್ಖಾನೆಗಳು ಒಂದೊಂದಾಗಿ ಕುಸಿದವು. 1879ರವರೆಗೆ ಬಿಡದೆ ಕಾಡಿದ ಆ ಮುಗ್ಗಟ್ಟಿನ ದಿನಗಳಲ್ಲಿ ಕೆಲಸ ಹುಡುಕಿಕೊಂಡು ರಸ್ತೆ ಹಿಡಿದು ಅಲೆಯುವವರ ಗುಂಪುಗಳು ಎಲ್ಲ ಕಡೆಯೂ ಕಾಣತೊಡಗಿದವು. ಅವರು ಎಷ್ಟು ಜನ? ಯಾರಿಗೂ ತಿಳಿಯದು. ತಿಳಿಯದ್ದರಿಂದಲೇ ಬಾಯಿಗೆ ಬಂದ ಸಂಖ್ಯೆಗಳು ಓಡಾಡಿದವು. ದೇಶದಲ್ಲೆಲ್ಲ 30 ಲಕ್ಷ ಜನ ಕೆಲಸವಿಲ್ಲದೆ ಕುಳಿತಿದ್ದಾರೆ ಎಂದು ಸಭೆಗಳಲ್ಲಿ ಹೇಳುತ್ತಿದ್ದರು. ಮೆಸಚೂಸೆಟ್ಸ್ ಒಂದರಲ್ಲೇ 2 ಲಕ್ಷ ಎಂದು ಕೆಲವರು, 3 ಲಕ್ಷ ಎಂದು ಇನ್ನು ಕೆಲವರು. 1875ರ ಗಣತಿಯಂತೆ ಆ ಸಂಸ್ಥಾನದ ಒಟ್ಟು ಜನಸಂಖ್ಯೆಯೇ ಹದಿನಾರೂವರೆ ಲಕ್ಷ, ಹಸುಗೂಸುಗಳನ್ನೂ ಸೇರಿಸಿ.

ಈ ಗಾಳಿಮಾತಿನ ಲೆಕ್ಕ ರೈಟನಿಗೆ ಸಹಿಸಲಿಲ್ಲ. 1878ರ ಜೂನ್ ತಿಂಗಳಿಗೆ ಸಂಬಂಧಿಸಿದಂತೆ ಸಂಸ್ಥಾನದ ಊರೂರಿನ ತೆರಿಗೆ ಅಧಿಕಾರಿಗಳಿಗೂ ಪೊಲೀಸರಿಗೂ ಬರೆದು, ನಿಮ್ಮ ಊರಿನಲ್ಲಿ ಕೆಲಸವಿಲ್ಲದವರು ಎಷ್ಟು ಮಂದಿ ತಿಳಿಸಿರಿ ಎಂದು ಕೇಳಿದನು. ಎಣಿಸುವುದಕ್ಕೆ ಕೆಲವು ಕಟ್ಟಳೆಗಳನ್ನೂ ಹಾಕಿದನು. ಎಣಿಸಬೇಕಾದವರು ವಯಸ್ಸಿಗೆ ಬಂದ ಗಂಡಸರು. ದುಡಿಯಲು ಮೈಯಲ್ಲಿ ಶಕ್ತಿಯಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರಿಗೆ ಕೆಲಸ ನಿಜವಾಗಿ ಬೇಕಾಗಿರಬೇಕು. ಉತ್ತರಗಳು ಬಂದವು. ಕೂಡಿದರೆ ಸುಮಾರು 22 ಸಾವಿರ. ಹೆಂಗಸರನ್ನು ಅಂದಾಜಿನಿಂದ ಸೇರಿಸಿದ ಮೇಲೂ 28 ಸಾವಿರದ ಚಿಲ್ಲರೆ. ಅದೇ ವರ್ಷದ ನವೆಂಬರಿನಲ್ಲಿ ಇನ್ನೊಮ್ಮೆ ವಿಚಾರಿಸಿದಾಗ ಸಂಖ್ಯೆ ಮತ್ತಷ್ಟು ಇಳಿದಿತ್ತು. ಲಕ್ಷಗಳ ಮಾತು ಸಾವಿರಗಳಿಗೆ ಬಂದು ನಿಂತಿತು. ಸರ್ಕಾರ ನೆಮ್ಮದಿಯ ಉಸಿರು ಬಿಟ್ಟಿರಬೇಕು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ರೈಟನನ್ನು ಗೌರವಿಸುವವರು ಈ ಎಣಿಕೆಯನ್ನು ಆತನ ದೊಡ್ಡ ಸಾಧನೆಯೆಂದು ಕೊಂಡಾಡುತ್ತಾರೆ. ಒಂದು ಅರ್ಥದಲ್ಲಿ ನಿಜ. ಒಂದು ಪ್ರಾಂತದ ನಿರುದ್ಯೋಗವನ್ನು ಸರ್ಕಾರವೇ ಎಣಿಸಲು ಹೊರಟದ್ದು ಅಮೆರಿಕದಲ್ಲಿ ಅದೇ ಮೊದಲು. ಊಹೆಗಿಂತ ಎಣಿಕೆ ಲೇಸು. ಆದರೆ ಆತ ಕೇಳಿದ್ದು ಯಾರನ್ನು? ಕೆಲಸವಿಲ್ಲದವನನ್ನಲ್ಲ, ತೆರಿಗೆಯವನನ್ನೂ ಪೊಲೀಸಿನವನನ್ನೂ. ಒಬ್ಬ ಮನುಷ್ಯನಿಗೆ ಕೆಲಸ ನಿಜವಾಗಿ ಬೇಕೋ ಬೇಡವೋ ಎಂಬುದನ್ನು ಪೊಲೀಸಿನವನು ಹೇಗೆ ಬಲ್ಲ? ನಮ್ಮ ಊರಿನ ಅರಳಿಕಟ್ಟೆಯ ಮೇಲೆ ಬೇಸಗೆಯಲ್ಲಿ ಇಪ್ಪತ್ತು ಜನ ಕುಳಿತಿರುತ್ತಾರೆ. ದೂರದಿಂದ ನೋಡಿದವರಿಗೆ ಅವರು ಸೋಮಾರಿಗಳು. ಅವರಲ್ಲಿ ಯಾರು ಹಿಂದಿನ ದಿನ ಮೂರು ಊರು ತಿರುಗಿ ಕೂಲಿ ಸಿಗದೆ ಬಂದವರು ಎಂಬುದು ಅವರವರ ಹೆಂಡಿರಿಗೆ ಗೊತ್ತು. ನಿಜವಾಗಿ ಬೇಕು ಎಂಬ ಆ ಎರಡು ಪದಗಳೊಳಗೆ ಎಷ್ಟು ಸಾವಿರ ಜನ ಮರೆಯಾಗಿ ಹೋದರೋ! ಹೆಂಗಸರಂತೂ ಎಣಿಕೆಗೇ ಬರಲಿಲ್ಲ, ಆಮೇಲೆ ಅಂದಾಜಿನಿಂದ ಬಂದು ಸೇರಿದರು. ಗಿರಣಿಗಳಲ್ಲಿ ಮಗ್ಗ ನಡೆಸುತ್ತಿದ್ದವರಲ್ಲಿ ಹೆಂಗಸರೇ ಬಹಳವಿದ್ದ ಸಂಸ್ಥಾನ ಅದು ಎಂಬುದನ್ನು ನೆನೆದರೆ ಇದು ಸಣ್ಣ ಲೋಪವಲ್ಲ.

ರೈಟನು ಮೋಸಗಾರನಾಗಿದ್ದನೆಂದು ಇದರ ಅರ್ಥವಲ್ಲ. ಮುಗ್ಗಟ್ಟಿನ ಕಾಲದಲ್ಲಿ ಜನ ದಿಗಿಲುಗೊಳ್ಳಬಾರದು, ದಂಗೆಯೇಳಬಾರದು ಎಂಬ ಆತಂಕ ಆತನ ಮನಸ್ಸಿನಲ್ಲಿ ಇದ್ದಿರಬಹುದು. ಪಾದ್ರಿಯ ಮಗನಲ್ಲವೆ? ದುಡಿಯುವವನಿಗೆ ದೇವರು ಕೆಲಸ ತೋರಿಸುತ್ತಾನೆಂಬ ನಂಬಿಕೆಯೂ ಒಳಗೊಳಗೆ ಇದ್ದಿರಬಹುದು. ಇದು ನನ್ನ ಊಹೆ. ನನಗೆ ಆತ ದೊಡ್ಡವನಾಗಿ ಕಾಣುವುದು 1878ರಲ್ಲಿ ಅಲ್ಲ, ಅದಾದ ಏಳು ವರ್ಷಗಳಿಗೆ.

ನಡುವೆ ಆತನ ಕಚೇರಿ ಬೆಳೆಯಿತು. ಲೆಕ್ಕದ ಕಚೇರಿ ಯಾವ ಪಕ್ಷದ ಬಾಲವೂ ಆಗಬಾರದೆಂದು ಫ್ರಾನ್ಸಿಸ್ ವಾಕರ್ ಎಂಬ ಹೆಸರಾದ ಅರ್ಥಶಾಸ್ತ್ರಜ್ಞನು ಆತನಿಗೆ ಬುದ್ಧಿ ಹೇಳಿದ್ದನು. ರೈಟನು ಅದನ್ನು ಪಾಲಿಸಿದನು. 1884ರಲ್ಲಿ ಬಾಸ್ಟನ್ ನಗರದ ದುಡಿಯುವ ಹುಡುಗಿಯರನ್ನು ಕುರಿತು ಒಂದು ವರದಿ ತಂದನು. ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವ ಹುಡುಗಿಯರ ನಡತೆ ಸರಿಯಿಲ್ಲವೆಂದು ದೊಡ್ಡ ಮನೆಗಳಲ್ಲಿ ಆಡಿಕೊಳ್ಳುತ್ತಿದ್ದ ಕಾಲ ಅದು. ಆತನ ಕಡೆಯವರು ಒಂದು ಸಾವಿರಕ್ಕೂ ಮೇಲ್ಪಟ್ಟು ಹುಡುಗಿಯರನ್ನು ನೇರವಾಗಿ ಕಂಡು ಮಾತಾಡಿಸಿದರು. ಅವರ ಕೂಲಿ, ಬಾಡಿಗೆ, ಊಟ, ಆರೋಗ್ಯ ಎಲ್ಲವನ್ನೂ ಬರೆದುಕೊಂಡರು. ಆಡಿಕೊಳ್ಳುವ ಮಾತಿಗೆ ಆಧಾರವಿಲ್ಲವೆಂದು ವರದಿ ತೀರ್ಮಾನಿಸಿತು. ಯಾರ ವಿಷಯವೋ ಅವರನ್ನೇ ಕೇಳಬೇಕೆಂಬ ಪಾಠವನ್ನು ಆತ ಇಲ್ಲಿ ಕಲಿತನೆಂದು ನನಗೆ ತೋರುತ್ತದೆ.

1885ರಲ್ಲಿ ಮೆಸಚೂಸೆಟ್ಸಿನ ಖಾನೇಷುಮಾರಿ ಬಂತು. ಅದರ ಹೊಣೆ ರೈಟನದೇ. ಈ ಸಲ ಆತ ಪೊಲೀಸರನ್ನು ಕೇಳಲಿಲ್ಲ. ಎಣಿಕೆದಾರರು ಮನೆಮನೆಗೂ ಹೋದರು. ನಿಮಗೆ ಕೆಲಸ ಬೇಕೇ ಎಂದಾಗಲಿ, ನೀವು ನಿರುದ್ಯೋಗಿಯೇ ಎಂದಾಗಲಿ ಕೇಳಲಿಲ್ಲ. ಮೊದಲು ನಿಮ್ಮ ಮುಖ್ಯ ಕಸುಬು ಯಾವುದು ಎಂದರು. ಅದಕ್ಕೆ ಎಲ್ಲರೂ ತಲೆಯೆತ್ತಿ ಉತ್ತರ ಹೇಳಬಹುದು. ಆಮೇಲೆ, ಮೇ 1ಕ್ಕೆ ಮುಗಿದ ವರ್ಷದಲ್ಲಿ ಆ ಕಸುಬಿನಲ್ಲಿ ಎಷ್ಟು ತಿಂಗಳು ಕೆಲಸವಿಲ್ಲದೆ ಇದ್ದಿರಿ ಎಂದು ಕೇಳಿದರು. ಅಷ್ಟೇ. ಅದರಲ್ಲಿ ಅವಮಾನವಿಲ್ಲ. ಬೂಟು ಹೊಲಿಯುವವನು ಬೂಟು ಹೊಲಿಯುವವನಾಗಿಯೇ ಉಳಿದುಕೊಂಡು, ನನಗೆ ಇಷ್ಟು ತಿಂಗಳು ಕೆಲಸವಿರಲಿಲ್ಲ ಎನ್ನಬಹುದು. ಮಳೆ ಬರಲಿಲ್ಲ ಎಂದಷ್ಟೇ ಸಲೀಸಾಗಿ ಎನ್ನಬಹುದು.

ಬಂದ ಉತ್ತರ ನೋಡಿ. ಕಸುಬುಳ್ಳವರು ಒಟ್ಟು 8,16,470 ಮಂದಿ. ಅವರಲ್ಲಿ ವರ್ಷದಲ್ಲಿ ಸ್ವಲ್ಪ ಕಾಲವಾದರೂ ಕೆಲಸವಿಲ್ಲದೆ ಇದ್ದವರು 2,41,589 ಮಂದಿ. ಗಂಡಸರು 1,78,628, ಹೆಂಗಸರು 62,961. ನೂರಕ್ಕೆ ಸುಮಾರು ಮೂವತ್ತು. ಇವರು ಕೆಲಸವಿಲ್ಲದೆ ಕಳೆದ ಕಾಲ ಸರಾಸರಿ 4.11 ತಿಂಗಳು. ಇದನ್ನೆಲ್ಲ ಒಟ್ಟುಗೂಡಿಸಿ ವರ್ಷಕ್ಕೆ ಹರಡಿದರೆ, ಸುಮಾರು 82 ಸಾವಿರ ಜನ ವರ್ಷಪೂರ್ತಿ ಸುಮ್ಮನೆ ಕುಳಿತಂತೆ. ಅಂದರೆ ಯಾವ ದಿನ ನೋಡಿದರೂ ನೂರಕ್ಕೆ ಹತ್ತು ಜನಕ್ಕೆ ಕೆಲಸವಿಲ್ಲ.

ಈ ಅಂಕಿಗಳನ್ನು ನಾನು ನೋಟ್ ಪುಸ್ತಕದಲ್ಲಿ ನಾನೇ ಗುಣಿಸಿ ಭಾಗಿಸಿ ನೋಡಿದೆ. 1878ರಲ್ಲಿ 22 ಸಾವಿರ. 1885ರಲ್ಲಿ ಒಂದು ಲೆಕ್ಕದಂತೆ 82 ಸಾವಿರ, ಇನ್ನೊಂದು ಲೆಕ್ಕದಂತೆ ಎರಡು ಲಕ್ಷದ ನಲವತ್ತೊಂದು ಸಾವಿರ. ಎರಡೂ ಮುಗ್ಗಟ್ಟಿನ ವರ್ಷಗಳೇ, ಮೊದಲನೆಯದೇ ಹೆಚ್ಚು ಕ್ರೂರವಾದದ್ದು. ಸಂಸ್ಥಾನ ಅದೇ, ಎಣಿಸಿದವನೂ ಅವನೇ. ಬದಲಾದದ್ದು ಪ್ರಶ್ನೆ, ಮತ್ತು ಅದನ್ನು ಯಾರಿಗೆ ಹಾಕಿದರೆಂಬುದು. ಸಭೆಗಳಲ್ಲಿ ಎರಡು ಲಕ್ಷ ಎಂದು ಕೂಗುತ್ತಿದ್ದವರು ಪೂರಾ ಹುಚ್ಚರಾಗಿರಲಿಲ್ಲ. ಒಂದು ದಿನದ ಲೆಕ್ಕ ಅವರಿಗೆ ಗೊತ್ತಿರಲಿಲ್ಲ, ಒಂದು ವರ್ಷದ ಕಷ್ಟ ಗೊತ್ತಿತ್ತು. ಬೂಟಿನ ಕಾರ್ಖಾನೆಗಳಿಗೆ ವರ್ಷದಲ್ಲಿ ಎರಡು ಹಂಗಾಮು, ಹಂಗಾಮಿನ ನಡುವೆ ಬಾಗಿಲು ಮುಚ್ಚಿದಂತೆಯೇ. ಜೂನ್ ತಿಂಗಳೊಂದರಲ್ಲಿ ಇಣುಕಿ ನೋಡಿದರೆ ಕೆಲಸದಲ್ಲಿರುವವನು ಆಗಸ್ಟಿನಲ್ಲಿ ಇಲ್ಲದಿರಬಹುದು. ನಮ್ಮ ಸೀಮೆಯಲ್ಲಿ ಕಾಯಿ ಕೀಳುವ ಕಾಲದಲ್ಲಿ ಬಂದು ನೋಡಿದವರಿಗೆ ಇಲ್ಲಿ ಆಳು ಸಿಗುವುದೇ ಕಷ್ಟವೆಂದು ತೋರುತ್ತದೆ. ಶಿವರಾತ್ರಿ ಕಳೆದ ಮೇಲೆ ಬಂದರೆ ಬೆಂಗಳೂರಿನ ಬಸ್ಸಿನಲ್ಲಿ ನಿಲ್ಲುವುದಕ್ಕೆ ಜಾಗವಿರುವುದಿಲ್ಲ.

ಹಿಂದಿನ ಎಣಿಕೆಯ ತನ್ನ ಸಂಖ್ಯೆಯನ್ನು ಸಮರ್ಥಿಸಿಕೊಳ್ಳಲು ರೈಟನು ಹೊಸ ಸಂಖ್ಯೆಯನ್ನು ಹುದುಗಿಸಿಡಲಿಲ್ಲ. 1887ರಲ್ಲಿ ಊರುಊರಿನ, ಕಸುಬುಕಸುಬಿನ ವಿವರಗಳೊಡನೆ ಕಚೇರಿಯ ವರದಿಯಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿದನು. ನಿರುದ್ಯೋಗ ಎಂಬುದಕ್ಕೆ ಇಂಗ್ಲಿಷಿನಲ್ಲಿ ಇಂದು ನಾವು ಬಳಸುವ ಪದವೂ ಈ ಅರ್ಥದಲ್ಲಿ ರೂಢಿಗೆ ಬಂದದ್ದು ಆ ದಶಕದ ಕೊನೆಯ ವರ್ಷಗಳಲ್ಲೇ. ಅದಕ್ಕೆ ಮುಂಚೆ ಕೆಲಸವಿಲ್ಲದ ಮನುಷ್ಯರಿದ್ದರು, ಆ ಸ್ಥಿತಿಗೆ ಹೆಸರಿರಲಿಲ್ಲ. 1880ರ ಅಖಿಲ ಅಮೆರಿಕದ ಗಣತಿಯಲ್ಲಿಯೂ ಎಷ್ಟು ತಿಂಗಳು ಕೆಲಸವಿರಲಿಲ್ಲವೆಂದು ಜನರನ್ನು ಕೇಳಿದ್ದರು. ಆದರೆ ಆ ಉತ್ತರಗಳನ್ನು ಯಾರೂ ಕೂಡಿಸಿ ಪ್ರಕಟಿಸಲಿಲ್ಲ. ಲಕ್ಷಾಂತರ ಜನ ಹೇಳಿದ ಮಾತು ಕಾಗದದ ಕಟ್ಟುಗಳಲ್ಲಿ ಕೊಳೆಯಿತು. ರೈಟನು ಕೂಡಿಸಿದನು ಎಂಬುದೇ ನನಗೆ ಹೆಚ್ಚು.

1885ರ ಜನವರಿಯಲ್ಲಿ ಅಧ್ಯಕ್ಷ ಆರ್ಥರನು ಆತನನ್ನು ಇಡೀ ದೇಶದ ಮೊದಲ ಕಾರ್ಮಿಕ ಕಮಿಷನರನನ್ನಾಗಿ ನೇಮಿಸಿದನು. ಆ ಹುದ್ದೆಯಲ್ಲಿ 20 ವರ್ಷ ಇದ್ದನು. ಪಕ್ಷಗಳು ಬದಲಾದರೂ ಅಧ್ಯಕ್ಷರು ಬದಲಾದರೂ ಆತನನ್ನು ಯಾರೂ ತೆಗೆಯಲಿಲ್ಲ. ಕೆಲವು ವರ್ಷ ಮೆಸಚೂಸೆಟ್ಸಿನ ಕಚೇರಿಯನ್ನೂ ಜೊತೆಗೇ ನೋಡಿಕೊಂಡನು. ಮದುವೆ ಮತ್ತು ವಿಚ್ಛೇದನ, ಪಟ್ಟಣಗಳ ಕೊಳಚೆ ಕೇರಿಗಳು, ಮುಷ್ಕರಗಳು, ಇನ್ನೂ ಎಷ್ಟೋ ವಿಷಯಗಳ ಮೇಲೆ ಹೊರಬಂದ ವರದಿಗಳನ್ನೆಲ್ಲ ಇಲ್ಲಿ ಹೇಳುತ್ತ ಕೂರುವುದಿಲ್ಲ. 1890ರ ಜನಗಣತಿಯ ಕೆಲಸ ಅರ್ಧದಲ್ಲಿ ನಿಂತಾಗ 1893ರಿಂದ 1897ರವರೆಗೆ ಅದನ್ನೂ ಹೊತ್ತು ಮುಗಿಸಿಕೊಟ್ಟನು.

ಎರಡು ಪ್ರಸಂಗಗಳನ್ನು ಮಾತ್ರ ಬಿಡಲಾರೆ. 1894ರಲ್ಲಿ ರೈಲುಗಾಡಿ ತಯಾರಿಸುತ್ತಿದ್ದ ಪುಲ್‌ಮನ್ ಕಂಪನಿಯಲ್ಲಿ ದೊಡ್ಡ ಮುಷ್ಕರವಾಗಿ ದೇಶದ ರೈಲುಗಳೇ ನಿಂತವು, ಸೈನ್ಯ ಬಂತು, ಜನ ಸತ್ತರು. ವಿಚಾರಣೆಯ ಆಯೋಗಕ್ಕೆ ರೈಟನೇ ಮುಖ್ಯಸ್ಥ. ಕಂಪನಿ ಕೂಲಿಯನ್ನು ಕಡಿಮೆ ಮಾಡಿತು, ಆದರೆ ತನ್ನದೇ ಮನೆಗಳಲ್ಲಿದ್ದ ಆ ಕೂಲಿಕಾರರ ಬಾಡಿಗೆಯನ್ನು ಕಡಿಮೆ ಮಾಡಲಿಲ್ಲ ಎಂಬುದನ್ನು ಆಯೋಗ ಮುಚ್ಚುಮರೆಯಿಲ್ಲದೆ ಬರೆಯಿತು. 1902ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳ ಮುಷ್ಕರವಾದಾಗ ಅಧ್ಯಕ್ಷ ರೂಸ್‌ವೆಲ್ಟನು ಮೊದಲು ಕಳುಹಿಸಿದ್ದು ಕರ್ನಲ್ ರೈಟನನ್ನು. ಆಮೇಲೆ ನೇಮಕವಾದ ಆಯೋಗದಲ್ಲೂ ಆತನಿದ್ದನು. ಗಣಿಯವರಿಗೆ ಕೂಲಿ ನೂರಕ್ಕೆ ಹತ್ತರಷ್ಟು ಏರಿತು. ಸಂಖ್ಯೆಗಳನ್ನು ಎರಡು ಪಕ್ಷದವರೂ ನಂಬುವಂತೆ ಮಾಡಿದ್ದರಿಂದಲೇ ಆತನನ್ನು ಎರಡು ಪಕ್ಷದವರ ನಡುವೆ ಕೂಡಿಸಲು ಸಾಧ್ಯವಾಯಿತು.

ಆತನೂ ತಪ್ಪಿದನು. 1886ರಲ್ಲಿ ಕಮಿಷನರನಾಗಿ ಕೊಟ್ಟ ಮೊದಲ ವರದಿಯಲ್ಲಿ, ಕಟ್ಟಬೇಕಾದ ರೈಲುಹಾದಿ, ಕಾಲುವೆಗಳನ್ನೆಲ್ಲ ಕಟ್ಟಿಯಾಗಿದೆ, ಇನ್ನು ಮುಂದೆ ಕೈಗಾರಿಕೆ ಹಿಂದಿನ ವೇಗದಲ್ಲಿ ಬೆಳೆಯಲಾರದು ಎಂಬ ಅಭಿಪ್ರಾಯ ಕೊಟ್ಟನು. ವಿದ್ಯುತ್ತು, ಮೋಟಾರು ಇವೆಲ್ಲ ಇನ್ನೂ ಬರಬೇಕಾಗಿದ್ದವು! ಎಣಿಸುವುದರಲ್ಲಿ ನಿಪುಣನಾದವನು ಕಣಿ ಹೇಳುವುದರಲ್ಲಿ ಸೋತನು.

1902ರಲ್ಲಿ ವುಸ್ಟರ್ ಪಟ್ಟಣದ ಕ್ಲಾರ್ಕ್ ಕಾಲೇಜಿಗೆ ಅಧ್ಯಕ್ಷನಾದನು. ಪದವಿಯಿಲ್ಲದ ಮನುಷ್ಯ ಪದವಿ ಕೊಡುವ ಸ್ಥಾನದಲ್ಲಿ ಕುಳಿತನು. 1909ರ ಫೆಬ್ರವರಿ 20ರಂದು ಅದೇ ಊರಿನಲ್ಲಿ ತೀರಿಕೊಂಡನು. ವಯಸ್ಸು 68.

ಆತನ ತರುವಾಯ ಲೆಕ್ಕದ ದಾರಿ ಬೇರೆಯಾಯಿತು. 1930ರ ದಶಕದ ಮಹಾ ಮುಗ್ಗಟ್ಟಿನ ಮೇಲೆ ಅಮೆರಿಕದವರು ಒಂದು ಗೊತ್ತಾದ ವಾರವನ್ನು ಹಿಡಿದು, ಆ ವಾರ ಕೆಲಸ ಮಾಡಿದೆಯಾ, ಇಲ್ಲವಾದರೆ ಹುಡುಕಿದೆಯಾ ಎಂದು ಕೇಳುವ ಪದ್ಧತಿಗೆ ಬಂದರು. 1940ರಿಂದ ತಿಂಗಳು ತಿಂಗಳೂ ಕೇಳತೊಡಗಿದರು. ನಮ್ಮ ದೇಶದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರಿಗೆ ಈ ಪದ್ಧತಿ ಕೈಗೆ ಹತ್ತಲಿಲ್ಲ. ನಮ್ಮಲ್ಲಿ ಸಂಬಳದ ಕೆಲಸ ಕೆಲವರಿಗೆ, ಉಳಿದವರಿಗೆಲ್ಲ ಹೊಲ, ಮಗ್ಗ, ಅಂಗಡಿ, ಕೂಲಿ. 1970ರಲ್ಲಿ ಪ್ರೊಫೆಸರ್ ದಾಂತ್ವಾಲಾ ಅವರ ಸಮಿತಿ, ಭಾರತದ ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಲು ಹೋಗಬಾರದು ಎಂದು ಹೇಳಿತು. ಅದಾದ ಮೇಲೆ ವರ್ಷದ ಲೆಕ್ಕ ಒಂದು, ವಾರದ ಲೆಕ್ಕ ಒಂದು, ದಿನದ ಲೆಕ್ಕ ಒಂದು ಎಂದು ಮೂರು ಬಗೆಯ ಅಳತೆಗಳು ಬಂದವು. 2017ರ ಏಪ್ರಿಲಿನಲ್ಲಿ ಆರಂಭವಾದ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯಲ್ಲಿ ವರ್ಷದ ಲೆಕ್ಕವೂ ವಾರದ ಲೆಕ್ಕವೂ ಮುಂದುವರಿದವು. ವಾರದ ಲೆಕ್ಕದಂತೆ, ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವನೂ ಕೆಲಸವುಳ್ಳವನು. ಅಂದರೆ, ವಾರವೆಲ್ಲ ಸುಮ್ಮನಿದ್ದು ಸಂತೆಯ ದಿನ ಒಂದು ಗಂಟೆ ಲಾರಿಗೆ ಮೂಟೆ ಹೊತ್ತವನು ನಿರುದ್ಯೋಗಿಯಲ್ಲ. ದೇಶದೇಶಗಳನ್ನು ಹೋಲಿಸಬೇಕಾದರೆ ಇಂಥ ಕಟ್ಟಳೆ ಬೇಕೇ ಬೇಕೆಂದು ಮೇಷ್ಟರು ವಿವರಿಸಿದರು. ಅರ್ಥವಾಯಿತು. ಸಮಾಧಾನವಾಗಲಿಲ್ಲ.

ಈ ಪರೀಕ್ಷೆ ಮುಗಿದರೆ ನಾನೂ ವಿದ್ಯಾರ್ಥಿಯ ಕಲಮಿನಿಂದ ಹೊರಗೆ ಬರುತ್ತೇನೆ. ಯಾವ ಕಲಮಿಗೆ ಸೇರುತ್ತೇನೋ ತಿಳಿಯದು. ಈ ಲೇಖನ ಬರೆಯುವ ಮುಂಚೆ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ, ರಾತ್ರಿ ಊಟವಾದ ಮೇಲೆ, 1885ರ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳಿ ನೋಡಿದೆ. ಕೆಲಸವಿದೆಯೇ ಎಂದು ಕೇಳಲಿಲ್ಲ. ಅಪ್ಪ, ನೀನು ಬೇಸಾಯಗಾರ ಸರಿ, ಹೋದ ವರ್ಷದಲ್ಲಿ ಬೇಸಾಯವೂ ಇಲ್ಲದೆ ಕೂಲಿಯೂ ಇಲ್ಲದೆ ಎಷ್ಟು ತಿಂಗಳು ಇದ್ದೆ ಎಂದೆ. ಅಪ್ಪ ಸಿಟ್ಟಾಗುತ್ತಾರೆಂದು ಅಂಜಿದ್ದೆ. ಸಿಟ್ಟಾಗಲಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದರು. ಕಾಯಿ ಕಿತ್ತದ್ದು, ಗದ್ದೆ ಸೀಮೆಗೆ ಕೊಯ್ಲಿಗೆ ಹೋಗಿ ಬಂದದ್ದು, ಯುಗಾದಿಯ ಮುಂಚೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಇಪ್ಪತ್ತು ದಿವಸ, ಮೊದಲ ಮಳೆಗೆ ಉತ್ತದ್ದು, ಒಂದೊಂದನ್ನೂ ಕಳೆಯುತ್ತಾ ಬಂದರು. ಐದು ತಿಂಗಳಿಗೆ ಎರಡು ವಾರ ಕಡಿಮೆ ಎಂದರು. ಅಮ್ಮ ತಾನು ಸುಮ್ಮನೆ ಕುಳಿತ ತಿಂಗಳು ಯಾವುದೆಂದು ಬಹಳ ಹೊತ್ತು ಯೋಚಿಸಿ, ಯಾವುದೂ ಇಲ್ಲ, ಆದರೆ ಕಾಸು ಬಂದದ್ದು ಎರಡು ತಿಂಗಳು ಮಾತ್ರ ಎಂದಳು. ಇದಕ್ಕೆ ರೈಟನ ನಮೂನೆಯಲ್ಲಿಯೂ ಕಲಮಿಲ್ಲ.

ಅಣ್ಣ ಬಾಗಿಲ ಹತ್ತಿರ ಫೋನು ನೋಡುತ್ತ ಕುಳಿತಿದ್ದನು. ಅವನನ್ನು ಕೇಳುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ತಲೆಯೆತ್ತದೆ, ತಾನು ಫಿಟ್ಟರ್ ಎಂದೂ, ಇಪ್ಪತ್ತೊಂದು ತಿಂಗಳು ಎಂದೂ ಹೇಳಿದನು.